ನಾಟಕಕ್ಕೆ ನಾಟಕದಲ್ಲೇ ಉತ್ತರ

ಧಾರವಾಡದ ಪಕ್ಕದ ಮುಗದ ಅಂದ್ರೆ ನಮಗೆ ನೆನಪಾಗೋದು ಕೆರೆ, ಭತ್ತದ ಗದ್ದೆ. ಆದರೆ ಇದೇ ಊರಿನ 11ನೇ ಶತಮಾನದ ಶಾಸನದಲ್ಲಿ ಬಸದಿಗೆ ನಾಟಕಶಾಲೆ ಕಟ್ಟಿಸಿದ ದಾಖಲೆ ಇದೆ. ಸಾವಿರ ವರ್ಷದ ಹಿಂದೆಯೇ ನಾಟಕಕ್ಕೊಂದು ಕಟ್ಟಡ! ರಂಗಭೂಮಿಗೆ ಇಷ್ಟು ಬೆಲೆ ಕೊಟ್ಟ ಸೀಮೆಯ ನಾವು ಒಬ್ಬ ದೊಡ್ಡ ನಾಟಕಕಾರನನ್ನು ಮರೆತಿದ್ದೇವೆ. ಯಾಕೆ ಗೊತ್ತಾ? ಅವರು ಬರೆದದ್ದು ಮರಾಠಿಯಲ್ಲಿ.

ಅಣ್ಣಾಸಾಹೇಬ ಕಿರ್ಲೋಸ್ಕರ್. ಹುಟ್ಟಿದ್ದು 1843ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅಪ್ಪಟ ಕನ್ನಡ ಸೀಮೆ. ಇವರಿಗಿಂತ ಒಂದು ವರ್ಷ ಮೊದಲು ಲಂಡನ್ನಿನಲ್ಲಿ ಹುಟ್ಟಿದವರು ಆರ್ಥರ್ ಸಲಿವನ್. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡನ್ನು ಹಾಡಿನಿಂದಲೇ ನಗಿಸಿದ ಸಂಗೀತಗಾರ. ಗಿಲ್ಬರ್ಟ್ ಬರೆಯೋದು, ಸಲಿವನ್ ರಾಗ ಹಾಕೋದು. ಅವರ 'ಪಿನಾಫೋರ್' ಎಷ್ಟು ಗೆದ್ದಿತು ಅಂದ್ರೆ, ಅಮೆರಿಕದ ಕಂಪನಿಗಳು ಒಂದು ಪೈಸೆ ಕೊಡದೆ ಅದನ್ನು ಆಡಿಬಿಟ್ಟವು. ಕಳ್ಳತನ ತಪ್ಪಿಸಲು ಮುಂದಿನ ನಾಟಕವನ್ನು ಅವರು 1879ರ ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲೇ ತೆರೆದರು. ಹೆಸರು ಕೇಳಿ: 'ದಿ ಪೈರೇಟ್ಸ್ ಆಫ್ ಪೆನ್‌ಜಾನ್ಸ್'. ಕಡಲ್ಗಳ್ಳರ ಕಥೆ!

ಮರುವರ್ಷ, 1880ರ ಅಕ್ಟೋಬರ್ 31. ಪುಣೆಯಲ್ಲಿ ಕಿರ್ಲೋಸ್ಕರರ 'ಸಂಗೀತ ಶಾಕುಂತಲ'ದ ಮೊದಲ ನಾಲ್ಕು ಅಂಕ ರಂಗಕ್ಕೆ ಬಂತು. ಮಾತು, ಹಾಡು ಎರಡೂ ಇವರದೇ. ಸೂತ್ರಧಾರನ ಪಾತ್ರವೂ ಇವರದೇ. 1882ರಲ್ಲಿ 'ಸಂಗೀತ ಸೌಭದ್ರ' ಬಂತು. ತಂಗಿ ಸುಭದ್ರೆಯನ್ನು ದುರ್ಯೋಧನನಿಗೆ ಕೊಡಬೇಕು ಅಂತ ಬಲರಾಮನ ಹಟ. ಅರ್ಜುನ ಸನ್ಯಾಸಿ ವೇಷದಲ್ಲಿ ಅವನ ಮನೆಯಲ್ಲೇ ಊಟ ಹೊಡೀತಾನೆ. ಕೃಷ್ಣ ಏನೂ ಗೊತ್ತಿಲ್ಲದವನ ಹಾಗೆ ನಗ್ತಾನೆ. ಈ ನಾಟಕಗಳಿಗೆ ಕಿರ್ಲೋಸ್ಕರರು ಕೀರ್ತನೆ, ಲಾವಣಿಯ ಧಾಟಿಗಳ ಜೊತೆ ಕನ್ನಡ ಹಾಡುಗಳ ಮಟ್ಟುಗಳನ್ನೂ ತಂದರು. ಸಲಿವನ್ ತಮ್ಮ ಹಾಡಿಗೆ ಕಾವಲು ಕಾಯುತ್ತಿದ್ದ ಕಾಲದಲ್ಲಿ ನಮ್ಮ ಮಟ್ಟುಗಳು ಯಾರ ಅಪ್ಪಣೆಯೂ ಇಲ್ಲದೆ ಪುಣೆ ಸೇರಿದ್ದವು.

ಹಾಗಾದ್ರೆ ಇದೂ ಕಳ್ಳತನವಾ? ಸ್ವಲ್ಪ ಹಿಂದೆ ಹೋಗೋಣ. 1842ರ ಸುಮಾರಿಗೆ ಉತ್ತರ ಕನ್ನಡದ ಕರ್ಕಿ ಮೇಳ ಸಾಂಗ್ಲಿಯಲ್ಲಿ ಆಟ ಆಡಿತು. ನೋಡಿ ಮೆಚ್ಚಿದ ಅಲ್ಲಿನ ದೊರೆ, ನಮ್ಮ ಭಾಷೆಯಲ್ಲೂ ಇಂಥದ್ದು ಮಾಡು ಅಂತ ವಿಷ್ಣುದಾಸ ಭಾವೆಗೆ ಹೇಳಿದ. 1843ರಲ್ಲಿ 'ಸೀತಾ ಸ್ವಯಂವರ' ಬಂತು. ಮರಾಠಿ ರಂಗಭೂಮಿ ತನ್ನ ಆರಂಭ ಅಂತ ಎಣಿಸೋದು ಇದನ್ನೇ. ಬೀಜ ಹೋಗಿದ್ದು ಇಲ್ಲಿಂದ.

ಆಮೇಲೆ ಮರಾಠಿ ಕಂಪನಿಗಳು ಹುಬ್ಬಳ್ಳಿ-ಧಾರವಾಡಕ್ಕೇ ಬಂದು ಜನರನ್ನು ಸೆಳೆದವು. ಕನ್ನಡ ಮೂಲೆಗೆ ಸರಿಯಿತು. ಆಗ ಗದುಗಿನಲ್ಲಿದ್ದ ಶಾಂತಕವಿ, ಅಂದ್ರೆ ಸಕ್ಕರಿ ಬಾಳಾಚಾರ್ಯರು, ಏನು ಮಾಡಿದರು? ತಾವೇ ಮಂಡಳಿ ಕಟ್ಟಿದರು, 'ಉಷಾಹರಣ' ಬರೆದರು, ಕನ್ನಡದಲ್ಲಿ ಆಡಿಸಿದರು. ನಾಟಕಕ್ಕೆ ನಾಟಕದಲ್ಲೇ ಉತ್ತರ.

ಇವತ್ತು ಗಡಿ ವಿಷಯ ಬಂದ್ರೆ ಬಸ್ಸಿಗೆ ಮಸಿ, ಬೋರ್ಡಿಗೆ ಮಸಿ. ನಮ್ಮ ಸ್ಟುಡಿಯೋಗಳಲ್ಲಿ ಕೂಗಾಟ. ಬೆಳಗಾವಿ ನಮ್ಮದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೆಳಗಾವಿ ನಮ್ಮದಾದರೆ ಗುರ್ಲಹೊಸೂರಿನ ಅಣ್ಣಾಸಾಹೇಬರೂ ನಮ್ಮವರೇ ಅಲ್ವಾ? ನೆಲ ಬೇಕು, ಆ ನೆಲದ ಮನುಷ್ಯ ಬೇಡ ಅಂದ್ರೆ ಹೇಗೆ?

ಮಸಿ ಡಬ್ಬಿ ಹಿಡಿಯೋಕೆ ಒಂದು ನಿಮಿಷ ಸಾಕು. ಶಾಂತಕವಿಗಳ ಹಾಗೆ ನಾಟಕ ಕಟ್ಟೋಕೆ ಭಾಷೆಯ ಮೇಲೆ ನಿಜವಾದ ಪ್ರೀತಿ ಬೇಕು. ನಮ್ಮ ಹತ್ತಿರ ಯಾವುದಿದೆ?