ಸಾರಿ ಹೇಳುವ ಮಾತುಗಳು



ಇಂಗ್ಲಿಷಿನ ‘ಅನೌನ್ಸ್’, ‘ಪ್ರೊನೌನ್ಸ್’, ‘ಡಿನೌನ್ಸ್’, ‘ರಿನೌನ್ಸ್’ ಎಂಬ ನಾಲ್ಕು ಕ್ರಿಯಾಪದಗಳನ್ನು ತರಗತಿಯಲ್ಲಿ ನಾನು ಒಟ್ಟಿಗೇ ಬರೆಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಸಾರುವುದು, ಉಚ್ಚರಿಸುವುದು, ಖಂಡಿಸುವುದು, ತ್ಯಜಿಸುವುದು ಎಂದು ಅರ್ಥದಲ್ಲಿ ದೂರ ದೂರ ನಿಂತಿರುವ ಇವು ಒಂದೇ ತಾಯಿಯ ಮಕ್ಕಳು. ಲ್ಯಾಟಿನ್ ಭಾಷೆಯಲ್ಲಿ ‘ನುಂತಿಯುಸ್’ ಎಂದರೆ ಸುದ್ದಿ ತರುವ ದೂತ. ಅವನು ತಂದ ಸುದ್ದಿಗೂ ಅದೇ ಹೆಸರು. ಪೋಪರ ರಾಯಭಾರಿಗೆ ಇಂದಿಗೂ ಸಲ್ಲುವ ‘ನನ್ಸಿಯೋ’ ಎಂಬ ಹೆಸರು ಅದರಿಂದಲೇ ಬಂದದ್ದು. ಆ ದೂತನ ಕೆಲಸ ‘ನುಂತಿಯಾರೆ’, ಅಂದರೆ ತಿಳಿಸುವುದು. ಸಂಸ್ಕೃತದಲ್ಲಿ ಉಪಸರ್ಗ ಬದಲಾದಂತೆ ಆಹಾರ, ವಿಹಾರ, ಸಂಹಾರಗಳು ಹುಟ್ಟುವ ಹಾಗೆ, ಇಲ್ಲಿಯೂ ಬೇರೆ ಬೇರೆ ಉಪಸರ್ಗಗಳು ಸೇರಿ ಹುಟ್ಟಿದ ಪದಗಳು ಫ್ರೆಂಚಿನ ಮೂಲಕ ಹಾದು ಇಂಗ್ಲಿಷನ್ನು ಸೇರಿದವು.

ರೋಮನರಿಗೆ ಇವು ಬರಿಯ ಮಾತುಗಳಾಗಿರಲಿಲ್ಲ. ರಾಜ್ಯದ ಅಧಿಕಾರವೇ ಅವುಗಳಲ್ಲಿ ಅಡಗಿತ್ತು. ‘ರೆನುಂತಿಯಾರೆ’ಯನ್ನು ನೋಡಿ. ಇಂಗ್ಲಿಷಿನಲ್ಲಿ ‘ರಿನೌನ್ಸ್’ ಎಂದರೆ ಬಿಟ್ಟುಕೊಡುವುದು. ರೋಮ್ ಗಣರಾಜ್ಯದಲ್ಲಿ ಅದೇ ಪದಕ್ಕೆ ಚುನಾವಣೆಯ ಫಲಿತಾಂಶವನ್ನು ಅಧಿಕೃತವಾಗಿ ಸಾರುವುದು ಎಂಬ ಅರ್ಥವೂ ಇತ್ತು. ಸಭೆಯ ಅಧ್ಯಕ್ಷನಾದ ಅಧಿಕಾರಿ ಹೆಸರನ್ನು ಸಾರುವ ತನಕ, ಎಷ್ಟೇ ಮತ ಬಿದ್ದಿದ್ದರೂ ಅಭ್ಯರ್ಥಿ ಗೆದ್ದವನಾಗುತ್ತಿರಲಿಲ್ಲ. ಕ್ರಿ.ಪೂ. 67ರಲ್ಲಿ ಕಾನ್ಸಲ್ ಆಗಿದ್ದ ಪೀಸೋ ಎಂಬಾತನನ್ನು, ಜನರು ಪಾಲಿಕಾನುಸ್‌ನನ್ನು ಆರಿಸಿದರೆ ಆ ಹೆಸರನ್ನು ಸಾರುವೆಯಾ ಎಂದು ಕೇಳಲಾಯಿತು. ಅವನು ಮೊದಲು ನುಣುಚಿಕೊಂಡು, ಒತ್ತಾಯ ಹೆಚ್ಚಿದಾಗ ಸಾರುವುದಿಲ್ಲವೆಂದು ನೇರವಾಗಿಯೇ ಹೇಳಿಬಿಟ್ಟನು. ಪಾಲಿಕಾನುಸ್ ಕಾನ್ಸಲ್ ಆಗಲೇ ಇಲ್ಲ. ಒಬ್ಬನ ಮೌನಕ್ಕೆ ಸಾವಿರಾರು ಮತಗಳನ್ನು ತಡೆಯುವ ಬಲವಿತ್ತು.

ರೋಮಿನಲ್ಲಿ ಸಾರುವುದಕ್ಕೆ ಎರಡು ದಾರಿಗಳಿದ್ದವು. ಒಂದು ಕಂಠ, ಇನ್ನೊಂದು ಹಲಗೆ. ‘ಪ್ರೈಕೋ’ ಎಂಬ ಸಾರುವವನು ಸಭೆ, ಹರಾಜು, ನ್ಯಾಯಾಲಯಗಳಲ್ಲಿ ಕೂಗಿ ಹೇಳುತ್ತಿದ್ದನು. ‘ಕ್ಲಾಮಾರೆ’ ಎಂದರೆ ಕೂಗುವುದು. ಇಂಗ್ಲಿಷಿನ ‘ಪ್ರೊಕ್ಲೇಮ್’ ಆ ಕೂಗಿನಿಂದಲೇ ಹುಟ್ಟಿದೆ. ಪ್ರೇಟರ್ ಎಂಬ ನ್ಯಾಯಾಧಿಕಾರಿಯ ‘ಎದಿಕ್ತುಂ’, ಅಂದರೆ ಹೊರಗೆ ಹೇಳಿದ ಮಾತು, ಬಿಳಿ ಬಳಿದ ಹಲಗೆಯ ಮೇಲೆ ಪ್ರಕಟವಾಗುತ್ತಿತ್ತು. ಆ ಬಿಳಿಯ ಹಲಗೆಯ ಹೆಸರು ‘ಆಲ್ಬುಂ’. ನಮ್ಮ ಮನೆಗಳ ಮದುವೆ ಆಲ್ಬಂ ಇದೇ ಪದದ ದೂರದ ಸಂತಾನ!

ಇವೆಲ್ಲಕ್ಕಿಂತ ತೂಕದ ಮಾತು ‘ಪ್ರೊಮುಲ್ಗಾರೆ’, ಇಂಗ್ಲಿಷಿನಲ್ಲಿ ‘ಪ್ರೊಮಲ್ಗೇಟ್’. ಮಸೂದೆಯನ್ನು ಮತಕ್ಕೆ ಹಾಕುವ ಮೊದಲೇ ಜನರೆದುರು ಇಡುವುದು ಎಂದು ಅದರ ಅರ್ಥವಾಗಿತ್ತು. ಮಸೂದೆಯ ಪ್ರಕಟಣೆಗೂ ಮತದಾನಕ್ಕೂ ನಡುವೆ ಮೂರು ಸಂತೆಗಳ ಅವಧಿ ಕಳೆಯಬೇಕೆಂದು ಕ್ರಿ.ಪೂ. 98ರ ಕಾಯಿದೆಯೊಂದು ವಿಧಿಸಿತು. ಅಲ್ಲಿಯ ಸಂತೆ ಎಂಟು ದಿನಗಳಿಗೊಮ್ಮೆ ಕೂಡುತ್ತಿತ್ತು. ಹಳ್ಳಿಯ ರೈತನು ಊರಿಗೆ ಬರುತ್ತಿದ್ದುದು ಆ ದಿನವೇ. ಸಂತೆಗೆ ಬಂದವನಿಗೂ ಕಾನೂನಿನ ಸುದ್ದಿ ಮುಟ್ಟಲೆಂಬ ಈ ವಿವೇಕವನ್ನು ನಾನು ಬಹುವಾಗಿ ಮೆಚ್ಚುತ್ತೇನೆ.

ಈ ವಿವೇಕ ಕೆಟ್ಟರೆ ಏನಾಗುತ್ತದೆಂಬುದಕ್ಕೆ ಕ್ರಿ.ಶ. 37ರಿಂದ 41ರವರೆಗೆ ಆಳಿದ ಕ್ಯಾಲಿಗುಲ ಚಕ್ರವರ್ತಿ ಸಾಕ್ಷಿ. ಅವನು ಹೊಸ ತೆರಿಗೆಗಳನ್ನು ಬಾಯಿಮಾತಿನಲ್ಲಿ ಸಾರಿಸಿದನೇ ಹೊರತು ಬರೆದು ಪ್ರಕಟಿಸಲಿಲ್ಲ. ತಿಳಿಯದೆ ಜನರು ತಪ್ಪಿತಸ್ಥರಾಗುತ್ತಿದ್ದರು. ಜನರು ಒತ್ತಾಯಿಸಿದಾಗ, ಯಾರೂ ನಕಲು ಮಾಡಿಕೊಳ್ಳಲಾಗದಂತೆ ಇಕ್ಕಟ್ಟಾದ ಜಾಗದಲ್ಲಿ ಅತಿ ಸಣ್ಣ ಅಕ್ಷರಗಳಲ್ಲಿ ಬರೆಯಿಸಿದನೆಂದು ಇತಿಹಾಸಕಾರ ಸ್ವೆಟೋನಿಯಸ್ ದಾಖಲಿಸಿದ್ದಾನೆ. 1765ರಲ್ಲಿ ಇಂಗ್ಲೆಂಡಿನ ನ್ಯಾಯಶಾಸ್ತ್ರಜ್ಞ ಬ್ಲ್ಯಾಕ್‌ಸ್ಟೋನ್, ಕಾನೂನನ್ನು ಹೇಗೆ ಪ್ರಕಟಿಸಬಾರದು ಎಂಬುದಕ್ಕೆ ಕ್ಯಾಲಿಗುಲನನ್ನೇ ಉದಾಹರಿಸಿದನು.

ಇದು ದೂರದ ರೋಮಿನ ಕಥೆ ಮಾತ್ರವೆಂದು ತಿಳಿಯಬೇಡಿ. ಜಯಪುರ ಸಂಸ್ಥಾನದ ಮಂತ್ರಿಮಂಡಲವು 1923ರಲ್ಲಿ ಅಫೀಮಿನ ಬಗ್ಗೆ ಒಂದು ಕಾನೂನನ್ನು ನಿರ್ಣಯದ ಮೂಲಕ ಅಂಗೀಕರಿಸಿತು. ಅದನ್ನು ಗೆಜೆಟ್ಟಿನಲ್ಲಾಗಲಿ ಬೇರೆ ರೀತಿಯಲ್ಲಾಗಲಿ ಜನರಿಗೆ ತಿಳಿಯಪಡಿಸಲಿಲ್ಲ. ಅನೇಕ ವರ್ಷಗಳ ಬಳಿಕ ಆ ಕಾನೂನಿನಡಿ ಒಬ್ಬನಿಗೆ 50 ರೂಪಾಯಿ ದಂಡ ಬಿತ್ತು. ಮೊಕದ್ದಮೆ ನಮ್ಮ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1951ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಅವರು, ಕಾನೂನು ಜಾರಿಗೆ ಬರುವ ಮುನ್ನ ಅದನ್ನು ಜನರಿಗೆ ಪ್ರಕಟಿಸುವುದು ಸಹಜ ನ್ಯಾಯದ ಬೇಡಿಕೆ ಎಂದು ಸಾರಿ, ಶಿಕ್ಷೆಯನ್ನು ರದ್ದುಪಡಿಸಿದರು. ಐವತ್ತು ರೂಪಾಯಿಯ ದಂಡ ಎಷ್ಟು ದೊಡ್ಡ ತತ್ತ್ವವನ್ನು ಹೊರತೆಗೆಯಿತು ನೋಡಿ! ಕಾನೂನು ಗೊತ್ತಿರಲಿಲ್ಲವೆಂಬುದು ನೆಪವಾಗದು ಎಂದು ನ್ಯಾಯಾಲಯಗಳು ಪ್ರಜೆಗೆ ಹೇಳುತ್ತವೆ. ಹಾಗೆ ಹೇಳುವ ಹಕ್ಕು ಬರಬೇಕಾದರೆ ಪ್ರಭುತ್ವವು ಮೊದಲು ತಿಳಿಸಿರಬೇಕು.

ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುವವನು ಒಂದು ಬೀದಿಯಲ್ಲಿ ಹೇಳಿ ಸುಮ್ಮನಾಗುತ್ತಿರಲಿಲ್ಲ. ಕೇರಿ ಕೇರಿಗೂ ಹೋಗಿ ತಮಟೆ ಬಡಿಯುತ್ತಿದ್ದನು. ಸಾರುವುದೆಂದರೆ ಬಾಯಿಂದ ಹೊರಡಿಸುವುದಷ್ಟೇ ಅಲ್ಲ, ಕಿವಿಗೆ ಮುಟ್ಟಿಸುವುದು. ನಿಮ್ಮಲ್ಲಿ ಅನೇಕರು ಇಂದು ಆದೇಶ ಬರೆಯುವ, ಸೂಚನಾ ಫಲಕಕ್ಕೆ ಕಾಗದ ಅಂಟಿಸುವ ಸ್ಥಾನಗಳಲ್ಲಿದ್ದೀರಿ. ಅಕ್ಷರ ದೊಡ್ಡದಾಗಿರಲಿ, ಭಾಷೆ ತಿಳಿಯಾಗಿರಲಿ, ಜನ ಓದುವ ಎತ್ತರದಲ್ಲಿರಲಿ.