ವ್ಯಾಪಾರ ದಾಖಲೆಗಳ ಮೇಲೆ ಆಸ್ತಿ ತೆರಿಗೆ: ಕ್ಯಾಲಿಫೋರ್ನಿಯಾದ ಮೌಲ್ಯಮಾಪನ ಕ್ರಮ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಆಸ್ತಿ ತೆರಿಗೆಯು ಭೂಮಿ ಮತ್ತು ಕಟ್ಟಡಗಳಿಗೆ ಮಾತ್ರ ಸೀಮಿತವಲ್ಲ. ವ್ಯಾಪಾರದಲ್ಲಿ ಬಳಸುವ ಪೀಠೋಪಕರಣ, ಯಂತ್ರ, ಕಂಪ್ಯೂಟರ್ ಮೊದಲಾದ ಚರಾಸ್ತಿಗಳೂ ಇದಕ್ಕೆ ಒಳಪಡುತ್ತವೆ. ಮಾರಾಟಕ್ಕೆಂದು ಇರಿಸಿದ ಸರಕಿಗೆ ವಿನಾಯಿತಿ ಇರುತ್ತದೆ. ಲೆಕ್ಕದ ಪುಸ್ತಕ, ಗ್ರಾಹಕರ ಪಟ್ಟಿ, ಕಡತಗಳಂತಹ ದಾಖಲೆಗಳ ಮೌಲ್ಯವನ್ನು ನಿರ್ಧರಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೂಲ ತತ್ವ

ತೆರಿಗೆಯು ದಾಖಲೆ ಬರೆದಿರುವ ವಸ್ತುವಿನ ಮೇಲೆಯೇ ಹೊರತು ಅದರಲ್ಲಿ ಅಡಕವಾಗಿರುವ ಮಾಹಿತಿಯ ಮೇಲಲ್ಲ. ರಾಜ್ಯದ ಕಾನೂನಿನಂತೆ ಅಮೂರ್ತ ಆಸ್ತಿಗಳು ಈ ತೆರಿಗೆಯಿಂದ ಮುಕ್ತವಾಗಿವೆ. ಉದಾಹರಣೆಗೆ, 50,000 ಡಾಲರ್ ತೆತ್ತು ಕೊಂಡ ಗ್ರಾಹಕರ ಪಟ್ಟಿಯು 20 ಡಾಲರ್ ಬೆಲೆಯ ಡಿಸ್ಕಿನಲ್ಲಿದ್ದರೆ, ಡಿಸ್ಕಿನ ಮೌಲ್ಯ ಮಾತ್ರ ಪರಿಗಣನೆಗೆ ಬರುತ್ತದೆ. ಶೇ. 1ರ ಮೂಲ ದರದಲ್ಲಿ ಪೂರ್ಣ ಬೆಲೆಯನ್ನು ತಪ್ಪಾಗಿ ಘೋಷಿಸಿದಲ್ಲಿ ವರ್ಷಕ್ಕೆ ಸುಮಾರು 500 ಡಾಲರ್ ಹೆಚ್ಚುವರಿ ಹೊರೆ ಬೀಳುವುದು.

ಕಂಪ್ಯೂಟರ್ ತಂತ್ರಾಂಶ

ಕಂಪ್ಯೂಟರ್ ನಡೆಯಲು ಅತ್ಯಗತ್ಯವಾದ ಮೂಲ ಕಾರ್ಯಾಚರಣಾ ತಂತ್ರಾಂಶ ತೆರಿಗೆಗೆ ಒಳಪಡುತ್ತದೆ. ಲೆಕ್ಕಪತ್ರ ಮುಂತಾದ ಇತರ ತಂತ್ರಾಂಶಗಳ ವಿಷಯದಲ್ಲಿ, ಅವುಗಳನ್ನು ಶೇಖರಿಸಿದ ಮಾಧ್ಯಮವನ್ನು ಖಾಲಿ ಎಂದೇ ಭಾವಿಸಿ ಮೌಲ್ಯ ಕಟ್ಟಲಾಗುತ್ತದೆ. ಯಂತ್ರ ಮತ್ತು ತಂತ್ರಾಂಶಗಳನ್ನು ಒಂದೇ ಬೆಲೆಗೆ ಖರೀದಿಸಿದ್ದಲ್ಲಿ, ತೆರಿಗೆಗೆ ಒಳಪಡದ ಭಾಗವನ್ನು ಗುರುತಿಸಿ ಅದರ ಬೆಲೆಗೆ ಆಧಾರ ಒದಗಿಸುವುದು ತೆರಿಗೆದಾರರ ಹೊಣೆ.

ತೆರಿಗೆದಾರರು ಗಮನಿಸಬೇಕಾದ ಅಂಶಗಳು

1. ಮೌಲ್ಯವನ್ನು ಪ್ರತಿ ವರ್ಷ ಜನವರಿ 1ರಂದು ಇದ್ದಂತೆ ನಿರ್ಧರಿಸಲಾಗುತ್ತದೆ.

2. ತೆರಿಗೆಗೆ ಒಳಪಡುವ ಚರಾಸ್ತಿಯ ಒಟ್ಟು ವೆಚ್ಚ 1,00,000 ಡಾಲರ್ ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ, ಅಥವಾ ಕೌಂಟಿಯ ಅಸೆಸರ್ ಕೋರಿದಲ್ಲಿ, 571-ಎಲ್ ನಮೂನೆಯಲ್ಲಿ ವಿವರಣಾಪತ್ರ ಸಲ್ಲಿಸತಕ್ಕದ್ದು.

3. ವಿವರಣಾಪತ್ರವನ್ನು ಏಪ್ರಿಲ್ 1ರೊಳಗೆ ಸಲ್ಲಿಸಬೇಕು. ಮೇ 7ರ ನಂತರ ಶೇ. 10ರಷ್ಟು ದಂಡ ಅನ್ವಯಿಸುತ್ತದೆ.

4. ಬಳಸದೆ ಉಳಿದಿರುವ ಕಾಗದ, ಖಾಲಿ ನೋಂದಣಿ ಪುಸ್ತಕ ಮುಂತಾದವುಗಳನ್ನು ಕಚೇರಿ ಸಾಮಗ್ರಿಗಳ ಅಡಿಯಲ್ಲಿ ನಮೂದಿಸಬೇಕು.

5. ಖರೀದಿ ರಸೀದಿಗಳನ್ನು ಜೋಪಾನವಾಗಿ ಇರಿಸಿಕೊಳ್ಳಬೇಕು. ಲೆಕ್ಕ ತಪಾಸಣೆಯ ವೇಳೆ ಇವೇ ಆಧಾರ.

ವಿವರಣಾಪತ್ರ ಸಲ್ಲಿಸದಿದ್ದಲ್ಲಿ ಅಸೆಸರ್ ತಮಗೆ ಲಭ್ಯವಿರುವ ಮಾಹಿತಿಯ ಮೇರೆಗೆ ಮೌಲ್ಯವನ್ನು ಅಂದಾಜು ಮಾಡುವರು. ದಾಖಲೆಗಳಿಗೆ ವಿನಾಯಿತಿ ಇದೆಯೆಂಬ ಕಾರಣಕ್ಕೆ ವಿವರಣಾಪತ್ರವನ್ನೇ ಕೈಬಿಡುವಂತಿಲ್ಲ.

ಮೇಲ್ಮನವಿ

ಮಾಹಿತಿಯ ಬೆಲೆಯನ್ನೂ ಸೇರಿಸಿ ಮೌಲ್ಯ ಕಟ್ಟಲಾಗಿದೆ ಎಂದು ಕಂಡುಬಂದಲ್ಲಿ, ಮೊದಲು ಅಸೆಸರ್ ಕಚೇರಿಯಲ್ಲಿ ವಿಚಾರಿಸುವುದು ಸೂಕ್ತ. ಅಲ್ಲಿ ಪರಿಹಾರ ದೊರೆಯದಿದ್ದರೆ ಕೌಂಟಿಯ ಮೇಲ್ಮನವಿ ಮಂಡಳಿಗೆ ಲಿಖಿತ ಅರ್ಜಿ ಸಲ್ಲಿಸಬಹುದು. ಸಾಮಾನ್ಯ ಅವಧಿ ಜುಲೈ 2ರಿಂದ ಆರಂಭವಾಗಿ, ಕೌಂಟಿಗನುಗುಣವಾಗಿ ಸೆಪ್ಟೆಂಬರ್ 15 ಅಥವಾ ನವೆಂಬರ್ 30ಕ್ಕೆ ಮುಕ್ತಾಯಗೊಳ್ಳುತ್ತದೆ.