ವಾಸಸ್ಥಳ ಮತ್ತು ಸಿವಿಲ್ ನ್ಯಾಯವ್ಯಾಪ್ತಿ: ಭಾರತದಲ್ಲಿ ಬೆಳೆದುಬಂದ ಬಗೆ

ಸಿವಿಲ್ ದಾವೆಯನ್ನು ಯಾವ ಊರಿನ ನ್ಯಾಯಾಲಯದಲ್ಲಿ ಹೂಡಬೇಕು ಎಂಬುದನ್ನು ಗೊತ್ತುಪಡಿಸುವ ಮುಖ್ಯ ಆಧಾರಗಳಲ್ಲಿ ಪ್ರತಿವಾದಿಯ ವಾಸಸ್ಥಳವೂ ಒಂದು. ಜಮೀನು, ಮನೆ ಮೊದಲಾದ ಸ್ಥಿರಾಸ್ತಿಯ ವ್ಯಾಜ್ಯ ಸಾಮಾನ್ಯವಾಗಿ ಆ ಆಸ್ತಿ ಇರುವ ಕಡೆಯೇ ನಡೆಯುತ್ತದೆ. ಸಾಲ, ಕರಾರು, ಲೆಕ್ಕಪತ್ರಗಳಂಥ ಉಳಿದ ವ್ಯಾಜ್ಯಗಳಿಗೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೆಯ ಕಲಂ ಅನ್ವಯಿಸುತ್ತದೆ. ದಾವೆ ಹೂಡುವ ಹೊತ್ತಿಗೆ ಪ್ರತಿವಾದಿ ವಾಸ್ತವವಾಗಿಯೂ ಸ್ವಇಚ್ಛೆಯಿಂದಲೂ ವಾಸಿಸುವ ಸ್ಥಳ, ವ್ಯಾಪಾರ ನಡೆಸುವ ಸ್ಥಳ, ಇಲ್ಲವೆ ಸ್ವತಃ ಸಂಪಾದನೆಗಾಗಿ ದುಡಿಯುವ ಸ್ಥಳ, ಇವುಗಳಲ್ಲಿ ಯಾವುದಾದರೂ ಆಗಬಹುದು. ವ್ಯಾಜ್ಯದ ಕಾರಣ ಪೂರ್ತಿಯಾಗಿಯೋ ಭಾಗಶಃವೋ ಹುಟ್ಟಿದ ಸ್ಥಳವೂ ಆಗಬಹುದು. ದಾವೆಯ ಕಾಲವನ್ನೂ ಕಾರಣವನ್ನೂ ವಾದಿಯೇ ಆರಿಸಿಕೊಳ್ಳುತ್ತಾನೆ. ಸ್ಥಳದ ಆಯ್ಕೆಯೂ ಅವನದೇ ಆಗಿಬಿಟ್ಟರೆ ದೂರದೂರಿನ ಬಡ ಪ್ರತಿವಾದಿ ಹೋಗಿಬರುವ ಖರ್ಚಿನಲ್ಲೇ ಸೋತುಹೋಗುತ್ತಾನೆ. ವಾಸಸ್ಥಳದ ನಿಯಮ ಹುಟ್ಟಿದ್ದು ಅವನ ರಕ್ಷಣೆಗಾಗಿ. ಅದೇ ಕಾಳಜಿ ಕಳೆದ ಕೆಲವು ದಶಕಗಳಲ್ಲಿ ನಿಯಮವನ್ನು ತಿರುಗಿಸಿ, ದುರ್ಬಲ ವಾದಿಯ ವಾಸಸ್ಥಳಕ್ಕೂ ಮನ್ನಣೆ ಕೊಡಿಸಿದೆ.

ಒಟ್ಟಿಗೆ ಬಾಳುವವರ ನಡುವೆಯೇ ನ್ಯಾಯ ತೀರ್ಮಾನವಾಗಬೇಕೆಂಬ ವಿಚಾರ ಧರ್ಮಶಾಸ್ತ್ರಗಳಲ್ಲಿಯೂ ಇದೆ. ಯಾಜ್ಞವಲ್ಕ್ಯಸ್ಮೃತಿ ರಾಜನಿಯುಕ್ತರು, ಪೂಗ, ಶ್ರೇಣಿ, ಕುಲ ಎಂದು ನ್ಯಾಯಸಭೆಗಳ ಅನುಕ್ರಮವನ್ನು ಹೇಳುತ್ತದೆ. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ತನ್ನ ಮಿತಾಕ್ಷರದಲ್ಲಿ, ಬೇರೆಬೇರೆ ಜಾತಿ, ವೃತ್ತಿಗಳವರಾಗಿದ್ದು ಒಂದೇ ಊರು ಅಥವಾ ಪಟ್ಟಣದಲ್ಲಿ ನೆಲೆಸಿದವರ ಸಮೂಹವೇ ಪೂಗ ಎಂದು ವಿವರಿಸಿದ್ದಾನೆ. ಇಲ್ಲಿ ಸಭೆಯ ಅಧಿಕಾರಕ್ಕೆ ಒಂದೆಡೆ ವಾಸವಾಗಿರುವುದೇ ಬುನಾದಿ. ಅಡವಿಯಲ್ಲಿ ಅಲೆಯುವವರಿಗೆ ಅಡವಿಯಲ್ಲಿ, ಸೈನಿಕರಿಗೆ ಸೇನೆಯಲ್ಲಿ, ವರ್ತಕರಿಗೆ ಅವರ ಸಾರ್ಥದಲ್ಲೇ ವಿಚಾರಣೆ ನಡೆಯಬೇಕೆಂದು ಬೃಹಸ್ಪತಿಯ ಹೆಸರಿನ ಸ್ಮೃತಿ ಹೇಳುತ್ತದೆ. ಪ್ರತಿವಾದಿ ತಪ್ಪಿಸಿಕೊಂಡು ಹೋಗದಂತೆ ಸ್ಥಳದಲ್ಲೇ ತಡೆದಿರಿಸುವ, ಪ್ರವಾಸ ಹೊರಡದಂತೆ ತಡೆಯುವ ಆಸೇಧದ ಕ್ರಮಗಳನ್ನು ನಾರದ ಹೇಳಿದ್ದಾನೆ. ಆದರೆ ಇಂದಿನ ನಿಯಮ ನೇರವಾಗಿ ಇದರಿಂದ ಬೆಳೆದದ್ದಲ್ಲ. ಅದರ ಮೂಲ ಈಸ್ಟ್ ಇಂಡಿಯಾ ಕಂಪನಿಯ ಕಾಲದ ಕಲಹಗಳಲ್ಲಿದೆ.

1726ರ ಸನ್ನದಿನಿಂದ ಮದರಾಸು, ಬೊಂಬಾಯಿ, ಕಲ್ಕತ್ತಗಳಲ್ಲಿ ಮೇಯರ್ ಕೋರ್ಟುಗಳು ಏರ್ಪಟ್ಟವು. ಭಾರತೀಯರ ನಡುವಣ ವ್ಯಾಜ್ಯಗಳನ್ನು ಇಬ್ಬರೂ ಒಪ್ಪಿದರಷ್ಟೇ ಅವು ನಡೆಸಬಹುದೆಂದು 1753ರ ಸನ್ನದು ವಿಧಿಸಿತು. 1774ರಲ್ಲಿ ಕಲ್ಕತ್ತದಲ್ಲಿ ಸುಪ್ರೀಂ ಕೋರ್ಟು ಸ್ಥಾಪನೆಯಾದಾಗ ಅದರ ಅಧಿಕಾರ ಯಾರ ಮೇಲೆ, ಎಲ್ಲಿಯವರೆಗೆ ಎಂಬುದು ಸ್ಪಷ್ಟವಾಗಿರಲಿಲ್ಲ. ಈ ಅಸ್ಪಷ್ಟತೆ ಕಾಸಿಜೋರಾ ಪ್ರಕರಣದಲ್ಲಿ ಸ್ಫೋಟಗೊಂಡಿತು. 1779ರಲ್ಲಿ ಕಲ್ಕತ್ತದ ವರ್ತಕನೊಬ್ಬ ತನಗೆ ಬರಬೇಕಾದ ಸಾಲಕ್ಕಾಗಿ ಮಿಡ್ನಾಪುರದ ಕಡೆಯ ಕಾಸಿಜೋರಾದ ಜಮೀನ್ದಾರ ರಾಜನ ಮೇಲೆ ದಾವೆ ಹೂಡಿದ. ರಾಜ ಕಂದಾಯ ವಸೂಲಿಯಲ್ಲಿ ತೊಡಗಿದವನು, ಆದ್ದರಿಂದ ಕಂಪನಿಯ ಸೇವಕನೇ, ಹಾಗಾಗಿ ಕೋರ್ಟಿನ ಅಧಿಕಾರಕ್ಕೆ ಒಳಪಟ್ಟವನು ಎಂಬುದು ವಾದ. ಕೋರ್ಟು ಬಂಧನದ ಆಜ್ಞೆ ಹೊರಡಿಸಿತು. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನ ಪರಿಷತ್ತು ಅದಕ್ಕೆ ತಲೆಬಾಗಬೇಡವೆಂದು ರಾಜನಿಗೆ ಹೇಳಿಕಳಿಸಿತು. ಶೆರೀಫನ ಜನ ರಾಜನ ಮನೆಗೆ ನುಗ್ಗಿದರು. ಕಂಪನಿಯ ಸಿಪಾಯಿಗಳು ಬಂದು ಅವರನ್ನೇ ಹಿಡಿದರು. ತನ್ನ ಊರಿನಲ್ಲಿ, ತನ್ನ ಮನೆಯಲ್ಲಿದ್ದವನನ್ನು ಎಂದೂ ಕಾಣದ ಕೋರ್ಟೊಂದು ದೂರದಿಂದ ಎಳೆತರಬಹುದೇ ಎಂಬ ಪ್ರಶ್ನೆ ಸೇನಾಬಲದ ಘರ್ಷಣೆಯವರೆಗೂ ಹೋದದ್ದು ಈ ವಿಷಯದ ಇತಿಹಾಸದಲ್ಲಿ ಗಂಭೀರವಾದ ಘಟನೆ. 1781ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆ ಮಾಡಿ, ಭೂಮಿ ಹೊಂದಿದ್ದಾನೆ ಅಥವಾ ಕಂದಾಯದ ಗುತ್ತಿಗೆ ಹಿಡಿದಿದ್ದಾನೆ ಎಂಬಷ್ಟರಿಂದಲೇ ಯಾರೂ ಆ ಕೋರ್ಟಿಗೆ ಒಳಪಡುವುದಿಲ್ಲವೆಂದಿತು. ಕಲ್ಕತ್ತ ನಗರದ ನಿವಾಸಿಗಳ ಮೇಲೆ ಅದರ ಅಧಿಕಾರವನ್ನು ಖಚಿತಪಡಿಸಿತು. ಆಗ ನಿವಾಸಿ ಯಾರು ಎಂಬ ಮುಂದಿನ ಪ್ರಶ್ನೆ ಎದ್ದಿತು. ನಗರದಲ್ಲಿ ಮನೆ ಇಟ್ಟುಕೊಂಡು ಗುಮಾಸ್ತರ ಮೂಲಕ ವ್ಯವಹಾರ ನಡೆಸುತ್ತ ತಾನು ಹೊರಗಿರುವವನೂ ನಿವಾಸಿಯೆಂದೇ ಭಾವಿಸಬಹುದೆಂಬ ವಾದವೂ ಬೆಳೆಯಿತು.

1859ರ ಮೊದಲ ಸಿವಿಲ್ ಪ್ರಕ್ರಿಯಾ ಸಂಹಿತೆಯೂ 1865ರ ಹೈಕೋರ್ಟು ಸನ್ನದುಗಳ 12ನೆಯ ಖಂಡವೂ ಪ್ರತಿವಾದಿ ನೆಲೆಸಿರುವ ಸ್ಥಳವನ್ನು ಅಧಿಕಾರದ ಆಧಾರವಾಗಿ ಸ್ವೀಕರಿಸಿದವು. 1882ರ ಸಂಹಿತೆಯ ಹೊತ್ತಿಗೆ ‘ವಾಸ್ತವವಾಗಿ’, ‘ಸ್ವಇಚ್ಛೆಯಿಂದ’ ಎಂಬ ಎರಡು ವಿಶೇಷಣಗಳು ಸೇರಿದ್ದವು. 1909ರ ಜನವರಿ 1ರಂದು ಜಾರಿಗೆ ಬಂದ ಇಂದಿನ ಸಂಹಿತೆಯಲ್ಲಿಯೂ ಅವು ಹಾಗೆಯೇ ಇವೆ. ಮೊದಲನೆಯದು ಕಾಗದದ ಮೇಲಿನ ವಾಸವನ್ನು ತಳ್ಳಿಹಾಕುತ್ತದೆ: ಹಳ್ಳಿಯಲ್ಲಿ ಪಿತ್ರಾರ್ಜಿತ ಮನೆಯ ಪಾಲು ಉಳಿದಿದೆ ಎಂದಮಾತ್ರಕ್ಕೆ ಬದುಕನ್ನು ಬೇರೆಡೆ ಕಟ್ಟಿಕೊಂಡವನು ಅಲ್ಲಿ ವಾಸಿಸುತ್ತಿದ್ದಾನೆ ಎನ್ನಲಾಗದು. ಎರಡನೆಯದು ಬಲವಂತದ ಇರವನ್ನು ಹೊರಗಿಡುತ್ತದೆ: ಸೆರೆಮನೆಯಲ್ಲಿರುವವನು ಆ ಊರಿನ ನಿವಾಸಿಯಾಗುವುದಿಲ್ಲ. ಇಂಗ್ಲೆಂಡಿನ ಸಾಮಾನ್ಯ ಕಾನೂನಿನ ದಾರಿ ಬೇರೆ. ಅಲ್ಲಿ ಪ್ರತಿವಾದಿ ದೇಶದ ನೆಲದಲ್ಲಿದ್ದಾಗ ಸಮನ್ಸ್ ಕೈಗೆ ಮುಟ್ಟಿದರೆ ಸಾಕು. ಬರೋಡದ ಮಹಾರಾಣಿಯೊಬ್ಬರು ಚಿತ್ರವೊಂದರ ಖರೀದಿಯ ಬಗ್ಗೆ ಹೂಡಿದ ದಾವೆಯಲ್ಲಿ, ಫ್ರಾನ್ಸಿನ ಪ್ರತಿವಾದಿಗೆ ಆಸ್ಕಾಟ್ ಕುದುರೆ ಪಂದ್ಯದಲ್ಲಿ ಸಮನ್ಸ್ ಜಾರಿಯಾದದ್ದನ್ನು ಅಲ್ಲಿನ ಮೇಲ್ಮನವಿ ನ್ಯಾಯಾಲಯ 1972ರಲ್ಲಿ ಎತ್ತಿಹಿಡಿಯಿತು. ಭಾರತದ ಸಂಹಿತೆ ಕ್ಷಣಿಕ ಹಾಜರಿಗೆ ಆ ಬೆಲೆ ಕೊಡದಿರುವುದು ಹೆಚ್ಚು ನ್ಯಾಯವಾದ ನಿಲುವು.

ವಾಸವನ್ನು ಅಳೆಯಬೇಕಾದದ್ದು ದಾವೆ ಹೂಡಿದ ದಿನಕ್ಕೆ ಸರಿಯಾಗಿ, ಹಿಂದೊಮ್ಮೆ ಇದ್ದದ್ದು ಲೆಕ್ಕಕ್ಕಿಲ್ಲ. ಫರೀದಕೋಟ್ ಸಂಸ್ಥಾನದ ರಾಜ ತನ್ನ ಮಾಜಿ ಖಜಾಂಚಿಯ ಮೇಲೆ ಸಂಸ್ಥಾನದ ಕೋರ್ಟಿನಲ್ಲೇ ಏಕಪಕ್ಷೀಯ ಡಿಕ್ರಿ ಪಡೆದಾಗ ಆತ ಕೆಲಸ ಬಿಟ್ಟು ಜೀಂದ್ ಸಂಸ್ಥಾನದಲ್ಲಿ ನೆಲೆಸಿದ್ದ. ಆ ಡಿಕ್ರಿ ಪೂರ್ತಿ ಶೂನ್ಯವೆಂದು 1894ರಲ್ಲಿ ಪ್ರಿವಿ ಕೌನ್ಸಿಲಿನ ಪರವಾಗಿ ಲಾರ್ಡ್ ಸೆಲ್ಬೋರ್ನ್ ತೀರ್ಪಿತ್ತ. ಕನ್ನಡ ನಾಡಿಗೆ ಈ ತೀರ್ಪು ದೂರದ ಸುದ್ದಿಯಾಗಿರಲಿಲ್ಲ. ಧಾರವಾಡ ಬೊಂಬಾಯಿ ಪ್ರಾಂತಕ್ಕೂ ಬಳ್ಳಾರಿ ಮದರಾಸಿಗೂ ಸೇರಿದ್ದವು. ರಾಯಚೂರು, ಕಲಬುರಗಿಗಳು ನಿಜಾಮನವು. ಮೈಸೂರು ಬೇರೆಯೇ ಸಂಸ್ಥಾನ. ಮದರಾಸಿನ ಕೋರ್ಟಿಗೆ ಮೈಸೂರಿನ ಕೋರ್ಟು ಕಾನೂನಿನ ಕಣ್ಣಿನಲ್ಲಿ ವಿದೇಶಿ. ಬೆಂಗಳೂರಿನೊಳಗೇ ಪೇಟೆ ಮಹಾರಾಜರ ನ್ಯಾಯಾಲಯಗಳಿಗೂ ದಂಡು ಪ್ರದೇಶ 1947ರವರೆಗೆ ಬ್ರಿಟಿಷ್ ಆಡಳಿತದ ನ್ಯಾಯಾಲಯಕ್ಕೂ ಒಳಪಟ್ಟಿದ್ದವು. ಬೆಂಗಳೂರಿನ ಸಿರಿವಂತರೊಬ್ಬರ ಉಯಿಲಿನ ವ್ಯಾಜ್ಯ 1940ರ ದಶಕದಲ್ಲಿ ಮೈಸೂರಿನ ಕೋರ್ಟು, ದಂಡಿನ ಕೋರ್ಟು, ಮದರಾಸು ಹೈಕೋರ್ಟು, ಹೀಗೆ ಮೂರು ಕಡೆ ಹಬ್ಬಿ ಕೊನೆಗೆ 1962ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಕೇಂದ್ರದ ಸಂಹಿತೆ 1951ರ ಏಪ್ರಿಲ್ 1ರಿಂದ ಮೈಸೂರು, ಹೈದರಾಬಾದುಗಳಿಗೂ ವಿಸ್ತರಿಸಿದ ಮೇಲಷ್ಟೇ ಈ ಗೋಡೆಗಳು ಬಿದ್ದವು.

ಒಬ್ಬ ವ್ಯಕ್ತಿ ಎಲ್ಲಿ ವಾಸಿಸುತ್ತಾನೆ ಎಂಬುದು ಸಾಕ್ಷ್ಯದಿಂದ ತೀರ್ಮಾನವಾಗುವ ಮಾತು. ಹೆಂಡತಿ ಮಕ್ಕಳು ಎಲ್ಲಿದ್ದಾರೆ, ಕೆಲಸ ಎಲ್ಲಿ, ಅಮೀನ ಸಮನ್ಸ್ ಹಿಡಿದು ಹೋದಾಗ ಬಾಗಿಲಲ್ಲಿ ಸಿಕ್ಕವರು ಯಾರು, ಪಡಿತರ ಚೀಟಿ, ಮತದಾರರ ಪಟ್ಟಿ, ವಿದ್ಯುತ್ ಬಿಲ್ಲು ಏನು ಹೇಳುತ್ತವೆ ಎಂಬುದನ್ನೆಲ್ಲ ಕೂಡಿಸಿ ನೋಡಬೇಕಾಗುತ್ತದೆ. ಯಾವುದೋ ಒಂದು ದಾಖಲೆಯೇ ಕೊನೆಯ ಮಾತಲ್ಲ. 1963ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೆ. ಸುಬ್ಬರಾವ್ ಬರೆದ ತೀರ್ಪೊಂದು ಇಲ್ಲಿ ಮುಖ್ಯ. ಆಫ್ರಿಕದಲ್ಲಿ ದುಡಿಯುತ್ತಿದ್ದ ಗಂಡನಿಂದ ಜೀವನಾಂಶ ಕೇಳಿ ಪಂಜಾಬಿನ ಹೆಣ್ಣುಮಗಳೊಬ್ಬಳು ಬಂದಿದ್ದಳು. ವಾಸವೆಂದರೆ ಶಾಶ್ವತ ನೆಲೆಯೇ ಆಗಬೇಕಿಲ್ಲ, ತಾತ್ಕಾಲಿಕ ವಾಸವೂ ವಾಸವೇ. ಆದರೆ ಯಾವುದೋ ಕೆಲಸಕ್ಕೆಂದು ಬಂದು ಹೋಗುವ ಭೇಟಿ ವಾಸವಾಗದು ಎಂದು ಅವರು ಗೆರೆ ಎಳೆದರು. ಜೀವನಾಂಶದ ಕಾನೂನು ಆಗ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದರೂ ಆ ಗೆರೆ ಸಿವಿಲ್ ವಿಷಯಗಳಿಗೂ ಹರಿದುಬಂದಿದೆ. ವಿವಾಹ ವ್ಯಾಜ್ಯವೊಂದರ 1981ರ ತೀರ್ಪು ಇನ್ನೂ ಬಿಗಿಯಾಗಿತ್ತು: ವಾಸ ಹೆಚ್ಚುಕಡಿಮೆ ಸ್ಥಿರವಾಗಿರಬೇಕು, ಆ ಊರಿನ ನ್ಯಾಯಾಲಯವೇ ಆ ವ್ಯಕ್ತಿಗೆ ಸಹಜವಾದ ನ್ಯಾಯಾಲಯ ಎನಿಸುವಂತಿರಬೇಕು. ಈ ಎರಡು ತೀರ್ಪುಗಳ ನಡುವಣ ಅಂತರವನ್ನು ಗೊಂದಲವೆಂದು ನೋಡಬೇಕಾಗಿಲ್ಲ. ಹೊಟ್ಟೆಗಾಗಿ ಬಂದವಳಿಗೆ ಬಾಗಿಲು ಅಗಲವಾಗಿರಬೇಕೆಂಬುದು ಜೀವನಾಂಶದ ಕಾನೂನಿನ ಉದ್ದೇಶವೇ ಆಗಿತ್ತು.

ಎರಡು ಮನೆ ಇರುವವನ ಬಗ್ಗೆ 20ನೆಯ ಕಲಮಿನಲ್ಲಿ ಮೊದಲು ಒಂದು ವಿವರಣೆಯೇ ಇತ್ತು. ತಾತ್ಕಾಲಿಕ ವಾಸದ ಸ್ಥಳದಲ್ಲಿ ವ್ಯಾಜ್ಯದ ಕಾರಣ ಹುಟ್ಟಿದ್ದರೆ ಅವನನ್ನು ಎರಡೂ ಕಡೆ ವಾಸಿಸುವವನೆಂದು ಭಾವಿಸಲಾಗುತ್ತಿತ್ತು. ಕಾರಣ ಹುಟ್ಟಿದ ಸ್ಥಳದಲ್ಲಿ ದಾವೆ ಹೂಡಲು ಹೇಗಿದ್ದರೂ ಅವಕಾಶವಿರುವುದರಿಂದ 1976ರ ತಿದ್ದುಪಡಿ ಅದನ್ನು ಕೈಬಿಟ್ಟಿತು. ಉಳಿದಿರುವ ವಿವರಣೆ ಕಂಪನಿಗಳಂಥ ನಿಗಮಗಳಿಗೆ ಸಂಬಂಧಿಸಿದ್ದು. ಮುಂಬಯಿಯಲ್ಲಿ ಪ್ರಧಾನ ಕಚೇರಿಯಿದ್ದ ಪಟೇಲ್ ರೋಡ್‌ವೇಸ್ ಕಂಪನಿಯ ಬೋಡಿನಾಯಕನೂರು ಶಾಖೆಯಲ್ಲಿ ದೆಹಲಿಗೆಂದು ಒಪ್ಪಿಸಿದ್ದ ಏಲಕ್ಕಿ ದೆಹಲಿಯ ಗೋದಾಮಿನಲ್ಲಿ ಬೆಂಕಿಗೆ ಆಹುತಿಯಾಯಿತು. ವ್ಯಾಜ್ಯವೆಲ್ಲ ಮುಂಬಯಿಯಲ್ಲೇ ನಡೆಯಬೇಕೆಂದು ಕರಾರಿನಲ್ಲಿ ಬರೆದಿತ್ತು. ಕಾರಣ ಹುಟ್ಟಿದ ಕಡೆ ಶಾಖಾ ಕಚೇರಿ ಇರುವಾಗ ದಾವೆ ಅಲ್ಲಿಯೇ, ಪ್ರಧಾನ ಕಚೇರಿಯಲ್ಲಿ ಅಲ್ಲ ಎಂದು 1991ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ರಸೀದಿಯ ಸಣ್ಣ ಅಕ್ಷರಗಳನ್ನು ನಂಬಿ ಎಲ್ಲರನ್ನೂ ಮಹಾನಗರಕ್ಕೆ ಎಳೆಯುವ ಪರಿಪಾಠಕ್ಕೆ ಅಷ್ಟರಮಟ್ಟಿಗೆ ತಡೆ ಬಿತ್ತು.

ತಪ್ಪು ಊರಿನಲ್ಲಿ ಹೂಡಿದ ದಾವೆ ವಜಾ ಆಗುವುದಿಲ್ಲ. ಸರಿಯಾದ ನ್ಯಾಯಾಲಯಕ್ಕೆ ಸಲ್ಲಿಸಲು ವಾದಪತ್ರವನ್ನು ಹಿಂದಿರುಗಿಸಲಾಗುತ್ತದೆ. ಸ್ಥಳದ ಬಗೆಗಿನ ಆಕ್ಷೇಪವನ್ನು ಪ್ರತಿವಾದಿ ಮೊದಲ ಅವಕಾಶದಲ್ಲೇ ಎತ್ತಬೇಕು. ತಡಮಾಡಿದರೆ ಮೇಲಿನ ನ್ಯಾಯಾಲಯ 21ನೆಯ ಕಲಮಿನ ಪ್ರಕಾರ ಅದಕ್ಕೆ ಕಿವಿಗೊಡುವುದಿಲ್ಲ.

ವಾದಿಯ ಕಡೆಗಿನ ವಾಲಿಕೆ ವಿಶೇಷ ಕಾಯಿದೆಗಳಿಂದ ಬಂತು. 1890ರ ಪಾಲಕರ ಮತ್ತು ಪಾಲ್ಯರ ಕಾಯಿದೆ ಜಗಳವಾಡುವ ಹಿರಿಯರನ್ನು ಬಿಟ್ಟು ಮಗು ಸಾಮಾನ್ಯವಾಗಿ ವಾಸಿಸುವ ಸ್ಥಳವನ್ನೇ ಆಧಾರವಾಗಿ ಇರಿಸಿಕೊಂಡಿತು. ಹಿಂದೂ ವಿವಾಹ ಕಾಯಿದೆಗೆ 2003ರಲ್ಲಿ ಆದ ತಿದ್ದುಪಡಿ, ಅರ್ಜಿದಾರಳು ಹೆಂಡತಿಯಾದರೆ ಆಗ ಅವಳು ವಾಸಿಸುತ್ತಿರುವ ಊರಿನಲ್ಲೇ ಅರ್ಜಿ ಸಲ್ಲಿಸಲು ಅವಕಾಶ ಕೊಟ್ಟಿತು. ಗಂಡನ ಮನೆಯಿಂದ ಹೊರಬಿದ್ದು ತವರಿನಲ್ಲಿರುವ ಎಷ್ಟೋ ಹೆಂಗಸರಿಗೆ ಕೋರ್ಟು ಕೈಗೆಟುಕಿದ್ದು ಇದರಿಂದಲೇ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ತಾತ್ಕಾಲಿಕ ವಾಸವನ್ನೂ ಹೆಸರಿಸಿಯೇ ಒಪ್ಪಿತು. ಚೆನ್ನೈನ ಗಂಡನ ಮನೆ ಬಿಟ್ಟು ಬೆಂಗಳೂರಿನಲ್ಲಿದ್ದ ಮಹಿಳೆಯ ಅರ್ಜಿಯನ್ನು ಬೆಂಗಳೂರಿನ ನ್ಯಾಯಾಲಯ ವಿಚಾರಿಸಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕೃತಿಸ್ವಾಮ್ಯ, ಟ್ರೇಡ್ ಮಾರ್ಕ್ ಕಾಯಿದೆಗಳೂ ಹಕ್ಕುದಾರ ವಾಸಿಸುವ ಕಡೆ ದಾವೆಗೆ ಅವಕಾಶ ಕೊಡುತ್ತವೆ. ಆದರೆ ಪ್ರಧಾನ ಕಚೇರಿ ಇರುವ ಊರಿನಲ್ಲೇ ಕಾರಣ ಹುಟ್ಟಿದಾಗ ದೂರದ ಶಾಖೆಯ ಹೆಸರು ಹೇಳಿ ಪ್ರತಿವಾದಿಯನ್ನು ಅಲೆಸುವಂತಿಲ್ಲವೆಂದು 2015ರಲ್ಲಿ ಸುಪ್ರೀಂ ಕೋರ್ಟು ಮಿತಿ ಹಾಕಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಜಾರಿಗೆ ಬಂದ 2020ರ ಜುಲೈ 20ರಿಂದ, ಮಾರಾಟಗಾರನ ಕಚೇರಿ ದೇಶದ ಯಾವ ಮೂಲೆಯಲ್ಲಿದ್ದರೂ, ಖರೀದಿದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದಾಗಿದೆ.